ಅಕ್ಕನ ನೆಲಮಾಳಿಗೆ ಆಟಕ್ಕೆ ಬಂದ ಅಪವಾದ

ಈ ಆಟದ ಮೇಲೆ ನನಗಿರುವ ಸಿಟ್ಟನ್ನು ಬರೆಯುವ ಮೊದಲು, ಅದು ಒಳ್ಳೆಯ ಆಟ ಎಂದು ಒಪ್ಪಿಕೊಳ್ಳಬೇಕು. ಕೆಟ್ಟದ್ದಾಗಿದ್ದರೆ ಮೊಬೈಲಿನಿಂದ ಅಳಿಸಿ ಮರೆತುಬಿಡುತ್ತಿದ್ದೆ. ಒಳ್ಳೆಯದನ್ನು ಕೈಯಾರೆ ಕೆಡಿಸಿದವರ ಮೇಲೆ ಬರುವ ಸಿಟ್ಟು ಬೇಗ ಇಳಿಯುವುದಿಲ್ಲ.

ನಾನು ಬಸವಕಲ್ಯಾಣದ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಹುಮನಾಬಾದಿನಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಬೆಳಿಗ್ಗೆ ರಾಜೇಶ್ವರದವರೆಗೆ ನಿಂತೇ ಹೋಗಬೇಕು. ಅಲ್ಲಿ ಒಂದಿಷ್ಟು ಜನ ಇಳಿದ ಮೇಲೆ ಸೀಟು ಸಿಗುತ್ತದೆ. ಸಿಕ್ಕ ಕೂಡಲೇ ಮೊಬೈಲು ತೆಗೆದು ಆಡತೊಡಗುತ್ತಿದ್ದೆ.

ಆಟ ಹೀಗಿದೆ. ಲಾಂದ್ರ ಹಿಡಿದ ಒಬ್ಬ ಹೆಂಗಸು ಹಾಳು ಕೋಟೆಯ ನೆಲಮಾಳಿಗೆಗೆ ಇಳಿಯುತ್ತಾಳೆ. ಅವಳ ಹತ್ತಿರ ಕತ್ತಿ ಇಲ್ಲ, ಇರುವುದು ಒಂದು ಕಟ್ಟು ಕಾರ್ಡು. ಒಂದು ಕಾರ್ಡು ಹೊಡೆತ, ಇನ್ನೊಂದು ಗುರಾಣಿ, ಮತ್ತೊಂದು ಗಾಯ ಮಾಯಿಸುವ ಮದ್ದು. ಪ್ರತಿ ಕೋಣೆಯಲ್ಲೂ ಇಲಿಗಳ ಹಿಂಡೋ ಎಲುಬಿನ ಸಿಪಾಯಿಯೋ ಕಾದಿರುತ್ತದೆ. ಗೆದ್ದರೆ ಮೂರು ಹೊಸ ಕಾರ್ಡು ತೋರಿಸಿ, ಒಂದನ್ನು ಆರಿಸಿಕೋ ಎನ್ನುತ್ತದೆ. ಸೋತರೆ ಎಲ್ಲ ಹೋಯಿತು. ಕೂಡಿಸಿದ ಕಾರ್ಡು, ಇಳಿದ ಮೆಟ್ಟಿಲು ಎಲ್ಲ ಅಳಿಸಿ, ಮತ್ತೆ ಮೊದಲ ಬಾಗಿಲಿನಿಂದ ಶುರು. ಮತ್ತೆ ಇಳಿದಾಗ ಕೋಣೆಗಳು ಬೇರೆ, ಎದುರಾಳಿಗಳು ಬೇರೆ, ಸಿಗುವ ಕಾರ್ಡೂ ಬೇರೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಮರ್ಯಾದೆ. ಎದುರಾಳಿ ಮುಂದಿನ ಸರದಿಯಲ್ಲಿ ಏನು ಮಾಡಲಿದೆ ಎಂಬುದನ್ನು ಅದರ ತಲೆಯ ಮೇಲೆ ಮೊದಲೇ ತೋರಿಸುತ್ತಾರೆ. ಹೊಡೆಯುತ್ತದೋ, ಕಾಯ್ದುಕೊಳ್ಳುತ್ತದೋ, ಎಷ್ಟು ಜೋರಾಗಿ ಹೊಡೆಯುತ್ತದೋ ಎಲ್ಲ ಕಣ್ಣೆದುರಿಗೇ ಇರುತ್ತದೆ. ಕಟ್ಟಿನಲ್ಲಿ ಯಾವ ಕಾರ್ಡು ಉಳಿದಿವೆ ಎಂದು ನೆನಪಿಟ್ಟವರಿಗೆ ಮುಂದೆ ಏನು ಬರಬಹುದು ಎಂಬ ಅಂದಾಜೂ ಸಿಗುತ್ತದೆ. ಸೋತರೆ ಎಲ್ಲಿ ತಪ್ಪಿದೆ ಎಂದು ನಮಗೇ ತಿಳಿಯುತ್ತದೆ. ಸಂಭವನೀಯತೆಯ ಪಾಠವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಬೇಸತ್ತಿದ್ದ ನನಗೆ ಅದೇ ಪಾಠ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಜೀವ ಬಂದು ಕೂತಂತಾಗಿತ್ತು.

ಆ ಚಳಿಗಾಲದಲ್ಲಿ ನನ್ನ ಗಂಡನ ಅಕ್ಕ ಕಾಲು ಮುರಿದುಕೊಂಡು ನಮ್ಮ ಮನೆಗೆ ಬಂದರು. ಅವರು ಹಳ್ಳಿಖೇಡದಲ್ಲಿ ಖಾನಾವಳಿ ನಡೆಸುತ್ತಾರೆ. ಸಕ್ಕರೆ ಕಾರ್ಖಾನೆಗೆ ಕಬ್ಬು ತರುವ ಟ್ರ್ಯಾಕ್ಟರಿನವರು, ಲಾರಿಯವರು ಅವರ ಗಿರಾಕಿಗಳು. ಗಂಡ ತೀರಿಕೊಂಡ ಮೇಲೆ ಯಾರ ಮುಂದೆಯೂ ಕೈಚಾಚದೆ, ರೊಟ್ಟಿ ಬಡಿದೇ ಮಗಳನ್ನು ಓದಿಸಿ ಮದುವೆ ಮಾಡಿದವರು. ಹಂಗಾಮಿನ ಭರದಲ್ಲಿ, ರಸ್ತೆಗೆ ಬಿದ್ದಿದ್ದ ಕಬ್ಬಿನ ಜಲ್ಲೆಯ ಮೇಲೆ ಕಾಲಿಟ್ಟು ಜಾರಿದರು. ಕಣಕಾಲು ಮುರಿಯಿತು. ಖಾನಾವಳಿಯನ್ನು ಮಗಳು ಅಳಿಯನ ಕೈಗೆ ಕೊಟ್ಟು, ಪ್ಲಾಸ್ಟರು ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ನಮ್ಮ ಪಡಸಾಲೆಯಲ್ಲಿ ಕೂತರು.

ಕೂತು ಗೊತ್ತಿಲ್ಲದ ಹೆಂಗಸು. ಮೊದಲ ವಾರವೆಲ್ಲ ನಾನು ಮಾಡಿದ ಪಲ್ಯಕ್ಕೆ, ಒಗ್ಗರಣೆಗೆ, ಪಾತ್ರೆ ಇಟ್ಟ ಜಾಗಕ್ಕೆ ತಪ್ಪು ಹುಡುಕಿ ಹೆಸರಿಟ್ಟರು. ತಡೆಯಲಾರದೆ ಒಂದು ಸಂಜೆ ನಾನು ಮೊಬೈಲನ್ನು ಅವರ ಕೈಗೆ ಕೊಟ್ಟೆ.

"ಇದನ್ನ ಆಡ್ರಿ ಅಕ್ಕಾ. ನೀವು ದೀಪಾವಳ್ಯಾಗ ಇಸ್ಪೀಟ ಎಲಿ ಆಡಾಕ ಕೂತ್ರ ಯಾರಿಗೂ ಸೋಲಂಗಿಲ್ಲಲ್ಲ."

"ಇದೇನು, ರಮ್ಮಿ ಅದನು?"

"ಅಲ್ರಿ. ಇದರಾಗ ರೊಕ್ಕ ಇಲ್ಲ, ರಾಜಾ ರಾಣಿ ಇಲ್ಲ. ಈ ಲಾಂದ್ರದ ಹೆಂಗಸು ಕೆಳಗ ಇಳೀಬೇಕು, ಅಷ್ಟ."

"ಯಾಕ ಇಳೀತಾಳ?"

ಅದಕ್ಕೆ ಉತ್ತರ ಆಟ ಮಾಡಿದವರಲ್ಲೇ ಇದ್ದ ಹಾಗಿಲ್ಲ. ಇದು ಅದರ ಮೊದಲ ಕೊರತೆ; ಅಕ್ಕ ಮೊದಲ ನಿಮಿಷದಲ್ಲೇ ಅದರ ಮೇಲೆ ಬೆರಳಿಟ್ಟರು. ಅಷ್ಟು ಚೆಂದದ ನೆಲಮಾಳಿಗೆ ಕಟ್ಟಿ, ಆ ಹೆಂಗಸು ಯಾರು, ಏನು ಹುಡುಕಿಕೊಂಡು ಹೊರಟಿದ್ದಾಳೆ ಎಂದು ಒಂದು ಸಾಲೂ ಬರೆದಿಲ್ಲ. ಅಕ್ಕ ತಾವೇ ಕಾರಣ ಹಾಕಿಕೊಂಡರು: "ಆಕೀದು ಏನರ ಕಳದಿರಬೇಕು."

ಎರಡನೆಯ ಕೊರತೆ, ಎಲ್ಲವೂ ಇಂಗ್ಲಿಷು. ಅದೂ ಇರುವೆಯಂಥ ಅಕ್ಷರ. ಅಕ್ಕ ಕನ್ನಡ ಓದುತ್ತಾರೆ, ಲಾರಿಯವರೊಂದಿಗೆ ಹಿಂದಿ, ಮರಾಠಿ ಸಲೀಸಾಗಿ ಮಾತಾಡುತ್ತಾರೆ. ಇಂಗ್ಲಿಷು ಬರುವುದಿಲ್ಲ. ನಾನು ಒಂದೊಂದು ಕಾರ್ಡಿನ ಅರ್ಥ ಹೇಳಿಕೊಟ್ಟೆ, ಅವರು ಚಿತ್ರ ನೋಡಿ ನೆನಪಿಟ್ಟುಕೊಂಡರು. ಕೆಲವು ಕಾರ್ಡುಗಳ ಮೇಲಿನ ಬರಹ ಇಂಗ್ಲಿಷು ಬಲ್ಲ ನನಗೂ ಅರ್ಥವಾಗುತ್ತಿರಲಿಲ್ಲ. "ಮುಂದಿನ ಸರದಿಯ ಕೊನೆಗೆ, ಇದಕ್ಕೂ ಹಿಂದಿನ ಕಾರ್ಡು ಗುರಾಣಿಯಾಗಿರದಿದ್ದರೆ" ಎಂದು ಶುರುವಾಗುವ ವಾಕ್ಯವನ್ನು ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಬರೆದರೆ ನನ್ನ ವಿದ್ಯಾರ್ಥಿಗಳು ದೂರು ಕೊಟ್ಟಾರು.

ಆದರೂ ಅಕ್ಕ ಹಿಡಿದು ಕೂತರು. ಮೊದಮೊದಲು ಸಿಕ್ಕ ಕಾರ್ಡನ್ನೆಲ್ಲ ಕಟ್ಟಿಗೆ ಸೇರಿಸುತ್ತಿದ್ದರು. ಮನೆಗೆ ಬಂದದ್ದನ್ನು ಬೇಡ ಎನ್ನಬಾರದು ಎಂಬುದು ಅವರ ಪದ್ಧತಿ. ಕಟ್ಟು ದಪ್ಪವಾದಷ್ಟೂ ಬೇಕಾದ ಕಾರ್ಡು ಬೇಕಾದ ಹೊತ್ತಿಗೆ ಕೈಗೆ ಬರುವುದಿಲ್ಲ ಎಂದು ನಾನು ಹೇಳಿದರೆ ನಂಬಲಿಲ್ಲ. "ನಿನ್ನ ಲೆಕ್ಕಾ ನಿನ್ನ ಕಾಲೇಜಿನ್ಯಾಗ ಇಟ್ಟಕೊ" ಎಂದರು. ಮತ್ತೆ ಮತ್ತೆ ಸೋತ ಮೇಲೆ, ನಾನು ಹೇಳಿದ್ದಕ್ಕಲ್ಲ, ತಮಗೇ ಹೊಳೆದದ್ದು ಎಂಬಂತೆ, ಕಾರ್ಡು ಬಿಡುವುದನ್ನು ಕಲಿತರು. ಕಲಿತ ಮೇಲೆ ಅವರ ಕೈ ನೋಡಬೇಕಿತ್ತು. ವಿಷದ ಕಾರ್ಡು ಹಾಕಿ, ಗುರಾಣಿ ಹಿಡಿದು, ಎದುರಾಳಿ ತಾನಾಗಿಯೇ ಸವೆಯುವವರೆಗೆ ತಾಳುತ್ತಿದ್ದರು. ಅಷ್ಟು ತಾಳ್ಮೆ ನನಗಿಲ್ಲ.

ಕಟ್ಟಕಡೆಯ ಅಂತಸ್ತಿನಲ್ಲಿ ಕನ್ನಡಿ ರಾಣಿ ಎಂಬವಳಿದ್ದಾಳೆ. ನಾವು ಹಾಕಿದ ಕಾರ್ಡನ್ನೇ ನಮ್ಮ ಮೇಲೆ ತಿರುಗಿಸಿ ಹಾಕುವುದು ಅವಳ ವಿದ್ಯೆ. ಅಲ್ಲಿಯವರೆಗೆ ಆಟ ಕಲಿಸಿದ ಜಾಣತನವೆಲ್ಲ ಅಲ್ಲಿ ನಮಗೇ ಮುಳುವಾಗುತ್ತದೆ. ಅಷ್ಟಾದರೆ ಸರಿ, ಅದೂ ಒಂದು ಪರೀಕ್ಷೆ. ಆದರೆ ಅವಳೆದುರು ಮೊದಲು ಕೈಗೆ ಎಂಥ ಕಾರ್ಡು ಬರುತ್ತದೆ ಎಂಬುದು ಬರೀ ಅದೃಷ್ಟ. ಮೊದಲ ಸರದಿಗೆ ಗುರಾಣಿ ಬರದಿದ್ದರೆ ಅಲ್ಲಿಗೆ ಮುಗಿಯಿತು. ಒಂದೆರಡು ತಾಸು ಯೋಚಿಸಿ ಯೋಚಿಸಿ ಇಳಿದವರನ್ನು ಕೊನೆಯ ಬಾಗಿಲಲ್ಲಿ ಹೀಗೆ ಚೀಟಿ ಎತ್ತಿ ಸಾಯಿಸುವುದು ಯಾವ ನ್ಯಾಯ? ಅಕ್ಕ ಅವಳ ಕೈಲಿ ಸತ್ತಾಗಲೆಲ್ಲ ಮೊಬೈಲು ಪಕ್ಕಕ್ಕಿಟ್ಟು, "ದಗಾಬಾಜಿ" ಎಂದು ಒಂದೇ ಮಾತು ಹೇಳಿ, ಚಹಾ ಕೇಳುತ್ತಿದ್ದರು.

ಹೀಗಿರುವಾಗ ಒಂದು ದಿನ ನನ್ನ ಗಂಡನ ಕಾಕಾ ಅಕ್ಕನನ್ನು ಮಾತಾಡಿಸಲು ಬಂದರು. ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಗೆಳೆಯರು ಸೇರಿ ರೊಕ್ಕ ಹಚ್ಚಿ ರಮ್ಮಿ ಆಡುವುದು ಊರಿಗೇ ಗೊತ್ತು. ಅಕ್ಕ ಒಂದು ಜಟಿಲವಾದ ಕೋಣೆಯಲ್ಲಿ ಸಿಕ್ಕಿಕೊಂಡಿದ್ದರು. ಮೊಬೈಲಿನಿಂದ ಕಣ್ಣು ತೆಗೆಯದೆ "ಬರ್ರಿ ಕಾಕಾ, ಕೂಡ್ರಿ" ಎಂದರು. ಕಾಕಾ ಬಗ್ಗಿ ನೋಡಿದರು.

"ಎಲಿ ಆಡಾಕತ್ತೀ ಏನು?"

"ಹೌದ್ರಿ. ಜರಾ ತಡೀರಿ, ಈ ಸಿಪಾಯಿ ಸಾಯಾಕ ಬಂದಾನ."

ಕಾಕಾ ಚಹಾ ಕುಡಿದು ಹೋದರು. ಮನೆಯಲ್ಲಿ ಕಾಕಿಗೆ ಏನು ಹೇಳಿದರೋ, ಕಾಕಿ ಮುಂದೆ ಯಾರಿಗೆ ಏನು ಹೇಳಿದರೋ ಗೊತ್ತಿಲ್ಲ. ಫಲ ಮಾತ್ರ ಹುಣ್ಣಿಮೆ ಹತ್ತಿರ ಬಂದಾಗ ನಮ್ಮ ಮನೆಗೆ ಬಂತು.

ಬಸವಕಲ್ಯಾಣದಲ್ಲಿ ಹುಣ್ಣಿಮೆಗೊಮ್ಮೆ ಹೆಂಗಸರು ಸೇರಿ ವಚನ ಹೇಳುವ ಒಂದು ಬಳಗವಿದೆ. ಅಕ್ಕ, ಕಾಕಿ, ನಾನು ಮೂವರೂ ಅದರಲ್ಲಿದ್ದೇವೆ. ಅಲ್ಲಿಯ ಪ್ರಸಾದದ ಅಡುಗೆ ವರ್ಷಗಳಿಂದ ಅಕ್ಕನದು. ಹುಗ್ಗಿ, ಪುಂಡಿಪಲ್ಯ, ತೆಳ್ಳನೆಯ ರೊಟ್ಟಿ. ಕಾಲು ಮುರಿದಿದ್ದರೂ, ಕುರ್ಚಿ ಹಾಕಿಕೊಂಡು ಕೂತು ಹೇಳಿ ಮಾಡಿಸುತ್ತೇನೆ ಎಂದು ಅವರು ತಯಾರಾಗಿದ್ದರು. ಅಷ್ಟರಲ್ಲಿ ಕಾಕಿಯ ಫೋನು ಬಂತು. "ಕಾಲ ನೋವದ, ಈ ಸಲ ಅಕ್ಕಗ ತ್ರಾಸ ಬ್ಯಾಡ ಅಂತ ಅವ್ವಾರು ಹೇಳ್ಯಾರ" ಎಂದರು. ಅವ್ವಾರು ಎಂದರೆ ಬಳಗದ ಅಧ್ಯಕ್ಷೆ; ದೊಡ್ಡ ಮನೆಯವರು, ಒಳ್ಳೆಯ ಕಂಠ, ಅವರ ಮಾತಿಗೆ ಯಾರೂ ಎದುರಾಡುವುದಿಲ್ಲ.

ಅಕ್ಕ ಅದನ್ನು ಕಾಳಜಿ ಎಂದೇ ತಿಳಿದು ಸಂತೋಷಪಟ್ಟರು. ನಿಜ ಸಂಗತಿ ನನಗೆ ತಿಳಿದದ್ದು ಮರುದಿನ ಬಸ್ಸಿನಲ್ಲಿ, ಬಳಗದ ಇನ್ನೊಬ್ಬ ಹೆಂಗಸಿನಿಂದ.

"ನಿಮ್ಮ ಅಕ್ಕಾರು ಮೊಬೈಲಿನ್ಯಾಗ ಜೂಜು ಆಡತಾರಂತ? ಮೊನ್ನಿ ಮಧ್ಯಾಹ್ನ ಹುಣ್ಣಿವಿ ತಯಾರಿಗೆ ಕೂಡಿದಾಗ, ಜೂಜಿನ ಕೈಲೆ ಪ್ರಸಾದ ಮಾಡೂದು ಬ್ಯಾಡ ಅಂತ ಅವ್ವಾರು ಎಲ್ಲಾರ ಮುಂದ ಅಂದ್ರು. ನನಗ ಕೆಟ್ಟ ಅನಿಸ್ತು, ಅದಕ್ಕ ಹೇಳೀನಿ."

ಅಂದು ತರಗತಿಯಲ್ಲಿ ನಾನು ಏನು ಕಲಿಸಿದೆನೋ ನೆನಪಿಲ್ಲ. ರೊಕ್ಕ ಹಚ್ಚಿ ರಮ್ಮಿ ಆಡುವ ಕಾಕಾ ಜೂಜುಗಾರನಲ್ಲ. ಅದೇ ಬಳಗದ ಎಷ್ಟೋ ಹೆಂಗಸರ ಗಂಡಂದಿರು ಮೊಬೈಲಿನಲ್ಲಿ ಕ್ರಿಕೆಟ್ಟಿನ ಮೇಲೆ ರೊಕ್ಕ ಕಟ್ಟುವುದು ಜೂಜಲ್ಲ. ಮುರಿದ ಕಾಲು ಚಾಚಿಕೊಂಡು, ಲಾಂದ್ರದ ಹೆಂಗಸನ್ನು ಇಲಿಗಳಿಂದ ಕಾಪಾಡುತ್ತ ಕೂತ ನಮ್ಮ ಅಕ್ಕನದು ಜೂಜು! ಮೇಲಾಗಿ ಮುಖಕ್ಕೆ ಹೇಳುವ ಧೈರ್ಯವಿಲ್ಲದೆ ಕಾಲು ನೋವಿನ ನೆಪ.

ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಮುಚ್ಚಿಡುವುದು ಸರಿ ಎನಿಸಲಿಲ್ಲ. ಅವರು ಸೀರೆಯ ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ, "ಹುಣ್ಣಿವಿಗೆ ನಾ ಬರತೀನಿ. ಅಡಗಿ ಮಾಡಾಕಲ್ಲ. ನೀ ಮೊಬೈಲ ತಗೊಂಡು ಬಾ" ಎಂದರು.

ಹುಣ್ಣಿಮೆಯ ದಿನ ಇಬ್ಬರೂ ಬಸ್ಸು ಹತ್ತಿದೆವು. ಊರುಗೋಲು ಹಿಡಿದ ಅಕ್ಕನಿಗೆ ಕಂಡಕ್ಟರು ಮುಂದಿನ ಸೀಟು ಕೊಡಿಸಿದ. ಬಳಗ ಸೇರುವ ಸಭಾಂಗಣಕ್ಕೆ ಹೋದಾಗ ಎಲ್ಲರೂ ಎದ್ದು ಬಂದು ಕಾಲಿನ ಬಗ್ಗೆ ಕೇಳಿದರು, ಅಧ್ಯಕ್ಷೆಯೂ ಕೇಳಿದರು. ವಚನಗಳು ಮುಗಿಯುವವರೆಗೆ ಅಕ್ಕ ಎಲ್ಲರ ಜೊತೆ ದನಿ ಸೇರಿಸಿ ಹೇಳಿದರು. ಮುಗಿದ ಮೇಲೆ, ಕೂತಲ್ಲಿಂದಲೇ ಮಾತು ತೆಗೆದರು.

"ಅವ್ವಾರ, ನಾ ಜೂಜು ಆಡತೀನಿ ಅಂತ ಅಂದ್ರಂತ."

ಕಾಕಿ ನೆಲ ನೋಡಿದರು. ಅಧ್ಯಕ್ಷೆ ತಡವರಿಸಲಿಲ್ಲ. "ಎಲಿ ಹಿಡದ ಕೈಲೆ ಪ್ರಸಾದ ಮಾಡೂದು ಚಂದ ಕಾಣಂಗಿಲ್ಲ ಅಂದೀನಿ. ನಿಮ್ಮ ಮ್ಯಾಲ ನನಗೇನು ಸಿಟ್ಟಿಲ್ಲ."

"ಇದರಾಗ ರೊಕ್ಕದ ಮಾತಽ ಇಲ್ರಿ. ನೀವಽ ಆಡಿ ನೋಡ್ರಿ. ಒಂದು ಪೈಸಾದ ಜೂಜು ಕಂಡ್ರ ನಾ ಇನ್ನ ಈ ಹೊಸ್ತಿಲಾ ತುಳ್ಯಂಗಿಲ್ಲ."

ನಾನು ಆಟ ತೆರೆದು ಮೊಬೈಲನ್ನು ಅಧ್ಯಕ್ಷೆಗೆ ಕೊಟ್ಟು ಪಕ್ಕದಲ್ಲಿ ಕೂತೆ. ಅವರನ್ನೂ ಮೆಚ್ಚಬೇಕು, ಬೇಡ ಎನ್ನಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರು. ಇದು ಹೊಡೆತ, ಇದು ಗುರಾಣಿ, ಆ ಇಲಿಯ ತಲೆಯ ಮೇಲೆ ಕಾಣುವುದು ಅದು ಮುಂದೆ ಮಾಡುವ ಕೆಲಸ ಎಂದೆ. ಅವರು ಹೊಡೆತದ ಕಾರ್ಡು ಒತ್ತಿದರು; ಒಂದು ಇಲಿ ಸತ್ತಿತು. ಹಿಂದೆ ಯಾರೋ ನಕ್ಕರು. ಹೆಂಗಸರು ಸುತ್ತಲೂ ಬಂದು ಬಗ್ಗಿದರು. "ಗುರಾಣಿ ಹಾಕ್ರಿ ಅವ್ವಾರ, ಈಗ ಕಡೀತದ" ಎಂದು ಅಕ್ಕ ದೂರದಿಂದಲೇ ಹೇಳಿದರು. ಅಧ್ಯಕ್ಷೆ ಗುರಾಣಿ ಹಾಕಲಿಲ್ಲ. ಲಾಂದ್ರದ ಹೆಂಗಸು ಬಿದ್ದಳು. "ಮುಗೀತೇನು?" ಎಂದು ಕೇಳಿದ ಅವರ ದನಿಯಲ್ಲಿ, ನನ್ನ ಆಣೆಗೂ, ಇನ್ನೊಮ್ಮೆ ಆಡುವ ಆಸೆ ಇತ್ತು. ಇನ್ನೇನು ಗೆದ್ದೆವು ಎಂದುಕೊಂಡೆ.

ಆಗ ಪರದೆ ಕಪ್ಪಾಗಿ, ಒಂದು ಜಾಹೀರಾತು ಬಂತು. ಆಗಿನ್ನೂ ರೊಕ್ಕದ ರಮ್ಮಿಯ ಜಾಹೀರಾತುಗಳು ಎಲ್ಲರ ಮೊಬೈಲಿನಲ್ಲಿ ಹರಿದಾಡುತ್ತಿದ್ದ ಕಾಲ. ನೋಟಿನ ರಾಶಿಯ ಮೇಲೆ ಕೂತ ಒಬ್ಬ ಗಂಡಸು ಇಸ್ಪೀಟಿನ ಎಲೆಗಳನ್ನು ಬೀಸಣಿಗೆಯ ಹಾಗೆ ಹಿಡಿದು, ರಮ್ಮಿ ಆಡಿರಿ, ಮನೆಯಲ್ಲಿ ಕೂತೇ ಲಕ್ಷ ಗೆಲ್ಲಿರಿ ಎಂದು ಹಿಂದಿಯಲ್ಲಿ ಕೂಗತೊಡಗಿದ. ವಚನ ಮುಗಿದು ಇನ್ನೂ ಊದುಬತ್ತಿ ಉರಿಯುತ್ತಿದ್ದ ಸಭಾಂಗಣದಲ್ಲಿ ಅವನ ದನಿ ಮೂಲೆಮೂಲೆಗೂ ಕೇಳಿತು. ನಾನು ಮೊಬೈಲು ಕಸಿದುಕೊಂಡು ಮುಚ್ಚಲು ನೋಡಿದೆ. ಮುಚ್ಚುವ ಗುರುತೇ ಇರಲಿಲ್ಲ. ಅವನು ಹೇಳುವುದೆಲ್ಲ ಹೇಳಿ ಮುಗಿಸಿದ ಮೇಲೆಯೇ ಅದು ಮೂಲೆಯಲ್ಲಿ ಕಾಣಿಸಿಕೊಂಡಿತು.

ಅಷ್ಟು ತಿಂಗಳು ಆಡಿದ್ದೆ, ಒಂದು ಜಾಹೀರಾತೂ ಬಂದಿರಲಿಲ್ಲ. ನನ್ನನ್ನು ಕೇಳದೆ, ಹೇಳದೆ, ಆಟ ತನ್ನಷ್ಟಕ್ಕೆ ಹೊಸ ರೂಪಕ್ಕೆ ಬದಲಾಗಿತ್ತು. ಸತ್ತವರು ಜಾಹೀರಾತು ನೋಡಿದರೆ ಮತ್ತೆ ಅದೇ ಕೋಣೆಯಲ್ಲಿ ಎದ್ದು ಬರಬಹುದು ಎಂಬುದು ಹೊಸ ಸೌಲಭ್ಯ. ಸತ್ತರೆ ಸತ್ತಂತೆ ಎಂಬ ನಿಯಮದ ಮೇಲೆಯೇ ನಿಂತಿದ್ದ ಆಟವನ್ನು, ಮಾಡಿದವರೇ ಹೀಗೆ ಮಾರಿಕೊಂಡಿದ್ದರು.

ಅಧ್ಯಕ್ಷೆ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟರು. "ತಿಳೀತು ಬಿಡ್ರಿ" ಎಂದರು, ಅಷ್ಟೇ. ನಾನು ವಿವರಿಸಲು ಹೋದೆ. ಆ ಜಾಹೀರಾತಿಗೂ ಆಟಕ್ಕೂ ಸಂಬಂಧವಿಲ್ಲ ಎಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿತು. ಅಕ್ಕ ಊರುಗೋಲು ಎತ್ತಿಕೊಂಡು, "ನಡಿ ತಂಗಿ, ಬಸ್ಸಿಗೆ ಹೊತ್ತಾಗತದ" ಎಂದರು. ಪ್ರಸಾದ ಮುಟ್ಟದೆ ಬಂದೆವು.

ಬಸ್ಸು ರಾಜೇಶ್ವರ ದಾಟಿತು. ಅಕ್ಕ, "ಅಷ್ಟು ಖಾತ್ರಿಲೆ ಹೇಳಿದ್ನಲ್ಲ ತಂಗಿ. ಹೊಸ್ತಿಲಾ ತುಳ್ಯಂಗಿಲ್ಲ ಅಂದೆ" ಎಂದರು. ಅವರ ಕಣ್ಣು ತುಂಬಿತ್ತು. ಗಂಡ ಹೋದಾಗಲೂ ಮಂದಿ ಮುಂದೆ ಅಳದ ಹೆಂಗಸು. ನಾನು ಮೊಬೈಲು ತೆಗೆದು ಆಟವನ್ನು ಅಳಿಸಲು ಹೊರಟೆ. ಅವರು ನನ್ನ ಕೈ ಹಿಡಿದರು. "ಅದನ್ಯಾಕ ತಗೀತಿ? ಆ ರಾಣಿ ಇನ್ನೂ ಸತ್ತಿಲ್ಲ."

ಮನೆಗೆ ಬಂದವಳೇ ಆಟ ಮಾಡಿದವರಿಗೆ ಅವರ ಪುಟದಲ್ಲಿ ಕನ್ನಡದಲ್ಲೇ ಬರೆದೆ. ನಿಮ್ಮ ಆಟದ ಎದುರಾಳಿಗಳು ಮುಂದೆ ಮಾಡುವುದನ್ನು ಮೊದಲೇ ತೋರಿಸುತ್ತಾರೆ, ನೀವು ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ಕಾರ್ಡುಗಳ ಸಮತೂಕ ಚೆನ್ನಾಗಿದೆ, ಪ್ರತಿ ಸೋಲೂ ಏನಾದರೂ ಕಲಿಸುತ್ತದೆ ಎಂದೂ ಬರೆದೆ. ರಾಣಿಯ ಕೋಣೆಯಲ್ಲಿ ಮೊದಲ ಕೈಗೆ ಒಂದಾದರೂ ಗುರಾಣಿ ಕೊಡಿ, ಅಕ್ಷರ ದೊಡ್ಡದು ಮಾಡಿ, ನಮ್ಮ ಭಾಷೆಯನ್ನೂ ಹಾಕಿ, ಜೂಜಿನವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ ಎಂದೆ. ಒಬ್ಬ ಹೆಂಗಸಿನ ಮಾನ ನಿಮ್ಮ ಜಾಹೀರಾತಿನಿಂದ ಹೋಯಿತು ಎಂಬುದನ್ನೂ ಬಿಡಲಿಲ್ಲ. ಉತ್ತರ ಇಂಗ್ಲಿಷಿನಲ್ಲಿ ಬಂತು. ನಿಮ್ಮ ಪ್ರೀತಿಗೆ ಧನ್ಯವಾದ, ಆಟವನ್ನು ಹೀಗೆಯೇ ಆನಂದಿಸುತ್ತಿರಿ ಎಂದಿತ್ತು. ಕೊನೆಯಲ್ಲಿ ಒಂದು ನಗುವ ಮುಖ. ಓದದೆಯೇ ಉತ್ತರ ಕೊಡುವ ಯಂತ್ರವನ್ನು ಮುಂದೆ ಕೂರಿಸಿ ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟ ಜನ.

ಅಂದಿನಿಂದ ನಾನು ಮೊಬೈಲಿನ ಇಂಟರ್ನೆಟ್ಟು ಬಂದ್ ಮಾಡಿಯೇ ಅಕ್ಕನಿಗೆ ಕೊಡುತ್ತಿದ್ದೆ. ಜಾಹೀರಾತಿನವನಿಗೆ ಒಳಗೆ ಬರಲು ದಾರಿಯಿಲ್ಲ, ಸತ್ತರೆ ಮೊದಲಿನಂತೆ ಸತ್ತಂತೆಯೇ. ಪ್ಲಾಸ್ಟರು ಬಿಚ್ಚುವ ಮುನ್ನ ಒಂದು ಮಧ್ಯಾಹ್ನ ಅಕ್ಕ ಕನ್ನಡಿ ರಾಣಿಯನ್ನು ಸೋಲಿಸಿದರು. ಮದ್ದಿನ ಕಾರ್ಡುಗಳನ್ನೇ ಹಾಕಿ ಹಾಕಿ, ಅವಳೂ ಅವನ್ನೇ ತಮ್ಮ ಮೇಲೆ ತಿರುಗಿಸಿ ಹಾಕುವಂತೆ ಮಾಡಿ, ಮೊದಲೇ ಏರಿಸಿಟ್ಟ ವಿಷ ಕೆಲಸ ಮಾಡುವವರೆಗೆ ಕಾದರು. ರಾಣಿ ಬಿದ್ದಳು. ಪರದೆಯ ಮೇಲೆ ಒಂದು ಪದ ಮೂಡಿತು, ಅದರ ಕೆಳಗೆ ಇನ್ನೂ ಕಠಿಣ ಹಂತ ಶುರುಮಾಡಲು ಒಂದು ಗುಂಡಿ.

"ಏನು ಬರದದ?"

"ಗೆದ್ದಿರಿ ಅಂತ ಬರದದ್ರಿ."

"ಅಷ್ಟಽ? ಆಕೀದು ಏನು ಕಳದಿತ್ತು, ಅದು ಸಿಕ್ತೋ ಇಲ್ಲೋ ಹೇಳಾಕ ಬ್ಯಾಡೇನು?"

ಅವರಿಗೆ ಬಂದ ಸಿಟ್ಟು ನ್ಯಾಯವಾದದ್ದೇ. ನಾನು ಮಾತ್ರ ಎದ್ದು ಹೋಗಿ ಪೇಡೆ ತಂದೆ.

ಇತ್ತ ಬಳಗದಲ್ಲಿ ಎರಡು ಹುಣ್ಣಿಮೆಗೆ ಹೊರಗಿನಿಂದ ಊಟ ತರಿಸಿದರು. ಯಾರಿಗೂ ಸೇರಲಿಲ್ಲ. ಬಸ್ಸಿನಲ್ಲಿ ಸಿಕ್ಕ ಹೆಂಗಸರಿಗೆಲ್ಲ ನಾನು ನಡೆದದ್ದನ್ನು ಬಿಡಿಸಿ ಹೇಳುತ್ತಿದ್ದೆ. ಕೆಲವರ ಮೊಬೈಲಿನಲ್ಲಿ ಅಡುಗೆಯ ವಿಡಿಯೋ ನೋಡುವಾಗಲೂ ಅದೇ ರಮ್ಮಿಯವನು ಬಂದು ಕೂಗಿದ್ದನಂತೆ. ಕೊನೆಗೆ ಕಾಕಿ, ಕಾಲು ವಾಸಿಯಾಗಿ ಹಳ್ಳಿಖೇಡಕ್ಕೆ ಮರಳಿದ್ದ ಅಕ್ಕನ ಹತ್ತಿರವೇ ಹೋಗಿ ಕರೆದರು.

"ಅವ್ವಾರು ಎಲ್ಲಾರ ಮುಂದ ಅಂದಾರ. ಎಲ್ಲಾರ ಮುಂದಽ ಆ ಮಾತು ತಿರಗಿ ತಗೊಳ್ಲಿ, ಆವಾಗ ನಾ ಹೊಸ್ತಿಲಾ ದಾಟತೀನಿ" ಎಂದರಂತೆ ಅಕ್ಕ. ಅಧ್ಯಕ್ಷೆ ಫೋನು ಮಾಡಿದರೂ ಅದೇ ಉತ್ತರ ಕೊಟ್ಟರು.

ಮುಂದಿನ ಹುಣ್ಣಿಮೆಗೆ ಅಕ್ಕ ಬಾಗಿಲ ಹೊರಗೆ ನಿಂತರು. ಅಧ್ಯಕ್ಷೆ ಎದ್ದು ಬಂದು, "ಒಂದು ತಪ್ಪು ತಿಳುವಳಿಕಿ ಆಗಿತ್ತು. ಒಳಗ ಬರ್ರಿ" ಎಂದರು. ಅಕ್ಕ ಒಳಗೆ ಹೋದರು, ನೇರ ಒಲೆಯ ಹತ್ತಿರ.

ನನಗೆ ಅದು ಇಂದಿಗೂ ಸಾಲದು. ಆಗಿತ್ತು ಎಂದರೇನು? ತಪ್ಪು ತಾನಾಗಿ ಆಯಿತೇ? ಮಾಡಿದವರು ಯಾರೂ ಇಲ್ಲವೇ? ಕಾಕಾ ಈಗಲೂ ಭಾನುವಾರ ಅಂಗಡಿಯ ಹಿಂದೆ ಆಡುತ್ತಾರೆ, ಅವರ ಮನೆಯ ಪ್ರಸಾದಕ್ಕೆ ಯಾರೂ ಹೆಸರಿಟ್ಟಿಲ್ಲ. ಅಂದು ಪಂಕ್ತಿಯಲ್ಲಿ ಕೂತು ಇದನ್ನೆಲ್ಲ ನಾನು ಪಿಸುಗುಟ್ಟುತ್ತಿದ್ದಾಗ ಅಕ್ಕ ಬಡಿಸುತ್ತ ಬಂದರು.

"ಅವ್ರಿಗೆ ಅಷ್ಟಽ ಬರತದ ತಂಗಿ. ನೀ ಉಣ್ಣು ಮದಲ" ಎಂದು ಹುಗ್ಗಿ ಹಾಕಿದರು.

ಉಂಡೆ. ಹುಗ್ಗಿ ಚೆನ್ನಾಗಿತ್ತು. ಸಿಟ್ಟು ಮಾತ್ರ ಇಳಿಯಲಿಲ್ಲ.